ಸಿಎಲ್‌ಡಬ್ಲ್ಯು ಅಂದರೆ ಏನು? ಹರಿದ ಗಾಯಕ್ಕೂ ಕೊಯ್ದ ಗಾಯಕ್ಕೂ ಇರುವ ಅಂತರ

ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸುಗಳ ಪುಸ್ತಕ, ತಿರುವಿದರೆ ಪದೇ ಪದೇ ಕಣ್ಣಿಗೆ ಬೀಳುವುದು ‘ಸಿಎಲ್‌ಡಬ್ಲ್ಯು’. ‘ಸಿಎಲ್‌ಡಬ್ಲ್ಯು, ತಲೆ, 4 × 1 ಸೆಂ.ಮೀ.’ ಅಂತ ಒಂದು ಸಾಲು, ಕೆಳಗೆ ಸಹಿ, ಸೀಲು. ಇದನ್ನು ಬಿಡಿಸಿ ಹೇಳಿ ಎಂದು ಕೇಳಿದರೆ ಕೆಲವರು ‘ಕಂಟ್ಯೂಸ್ಡ್ ಲ್ಯಾಸರೇಟೆಡ್ ವೂಂಡ್’ ಎನ್ನುತ್ತಾರೆ, ಇನ್ನು ಕೆಲವರು ‘ಕಟ್ ಲ್ಯಾಸರೇಟೆಡ್ ವೂಂಡ್’ ಎನ್ನುತ್ತಾರೆ. ಮೊದಲನೆಯದು ಜಜ್ಜಿ ಹರಿದ ಗಾಯ. ದೊಣ್ಣೆ, ಕಲ್ಲು, ಇಟ್ಟಿಗೆ, ಸಿಮೆಂಟು ನೆಲ ಇವುಗಳಿಂದ ಆಗುವಂಥದ್ದು. ಎರಡನೆಯದು ಒಣಗಿಸಿ ನೆನೆಸಿಟ್ಟ ಬಟ್ಟೆ ಎಂದ ಹಾಗೆ. ಕತ್ತರಿಸಿದ್ದಾದರೆ ಹರಿದದ್ದಲ್ಲ, ಹರಿದದ್ದಾದರೆ ಕತ್ತರಿಸಿದ್ದಲ್ಲ. ಆದರೂ ಒಂದೇ ಸಂಕ್ಷೇಪಕ್ಕೆ ಎರಡು ಬಿಡಿಕೆಗಳೂ ಚಾಲ್ತಿಯಲ್ಲಿವೆ. ಪಾಟೀಸವಾಲಿನಲ್ಲಿ ವಕೀಲರು ಮೊದಲು ಕೈ ಹಾಕುವುದೂ ಅಲ್ಲಿಗೇ: ‘ಡಾಕ್ಟ್ರೇ, ಇದರಲ್ಲಿ ಸಿ ಅಂದರೇನು?’

‘ಲ್ಯಾಸರೇಶನ್’ನ ಬೇರು ಲ್ಯಾಟಿನ್ನಿನ ‘ಲಾಸೆರಾರೆ’, ಅಂದರೆ ಹರಿಯುವುದು, ಚಿಂದಿ ಮಾಡುವುದು. ‘ಇನ್ಸೈಸ್ಡ್’ ಬಂದದ್ದು ‘ಇನ್ಸಿಡೆರೆ’ಯಿಂದ, ಒಳಕ್ಕೆ ಕೊಯ್ಯುವುದು. ಇಷ್ಟನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಗೊಂದಲ ಹೋಗುತ್ತದೆ. ಹಳೆಯ ಪಂಚೆಯ ಒಂದು ತುಂಡನ್ನು ಕತ್ತರಿಯಿಂದ ಕತ್ತರಿಸಿ, ಇನ್ನೊಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯಿರಿ. ಕತ್ತರಿಸಿದ ಅಂಚು ಗೆರೆ ಎಳೆದ ಹಾಗಿರುತ್ತದೆ. ಹರಿದ ಅಂಚಿನಲ್ಲಿ ನೂಲಿನ ಎಳೆಗಳು ಜೋತು ಬಿದ್ದಿರುತ್ತವೆ. ಹರಿಯುವುದು ಪೂರ್ತಿ ಆಗುವ ಮೊದಲೇ ನಿಲ್ಲಿಸಿದರೆ ಬಿರುಕಿನ ತುದಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಾಲ್ಕಾರು ಎಳೆಗಳು ಹರಿಯದೆ ಅಡ್ಡ ನಿಂತಿರುತ್ತವೆ. ಚರ್ಮದಲ್ಲಿ ಆಗುವುದೂ ಇದೇ. ಮೊಂಡು ಪೆಟ್ಟಿಗೆ ಚರ್ಮ, ಕೊಬ್ಬು ಬೇಗ ಬಿಟ್ಟುಕೊಡುತ್ತವೆ. ಗಟ್ಟಿ ನಾರು, ನರ, ಸಣ್ಣ ರಕ್ತನಾಳಗಳು ಕೆಲವು ಉಳಿದುಕೊಂಡು ಗಾಯದ ಎರಡು ದಡಗಳ ನಡುವೆ ಸೇತುವೆಯಂತೆ ನಿಲ್ಲುತ್ತವೆ. ‘ಟಿಶ್ಯೂ ಬ್ರಿಡ್ಜಿಂಗ್’ ಅನ್ನುವುದು ಇದನ್ನೇ. ಕತ್ತಿಯ ಅಲಗು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕತ್ತರಿಸಿಕೊಂಡು ಹೋಗುವುದರಿಂದ ಅಲ್ಲಿ ಸೇತುವೆ ಉಳಿಯುವುದಿಲ್ಲ. ಹರಿದದ್ದೋ ಕೊಯ್ದದ್ದೋ ಎಂಬುದಕ್ಕೆ ಒಂದೇ ಒಂದು ಗುರುತು ಕೇಳಿದರೆ ಇದನ್ನೇ ಹೇಳಬೇಕು.

ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಕಟ್ಟುನಿಟ್ಟು. ಇಂಗ್ಲಿಷಿನ ಆಡುಮಾತು ಹಲವು ಸಲ ‘ಕಟ್’ ಎಂದು ಮುಗಿಸುವ ಕಡೆ ನಮ್ಮಲ್ಲಿ ತರಚುವುದು, ಗೀರುವುದು, ಪರಚುವುದು, ಕೊಯ್ಯುವುದು, ಕೊಚ್ಚುವುದು, ಇರಿಯುವುದು, ತಿವಿಯುವುದು, ಜಜ್ಜುವುದು, ಹರಿಯುವುದು ಎಲ್ಲ ಬೇರೆ ಬೇರೆ. ನ್ಯಾಯವೈದ್ಯಶಾಸ್ತ್ರ ಕೇಳುವುದೂ ಇದೇ ವಿಂಗಡಣೆಯನ್ನು. ತರಚಿದ್ದು ಅಬ್ರೇಶನ್, ಜಜ್ಜಿ ಒಳಗೇ ರಕ್ತ ಹೆಪ್ಪುಗಟ್ಟಿದ್ದು ಕಂಟ್ಯೂಶನ್, ಕೊಯ್ದದ್ದು ಇನ್ಸೈಸ್ಡ್, ಕೊಚ್ಚಿದ್ದು ಚಾಪ್, ಇರಿದದ್ದು ಸ್ಟ್ಯಾಬ್, ಹರಿದದ್ದು ಲ್ಯಾಸರೇಶನ್. ಬಿದ್ದ ಮಗುವನ್ನು ಎತ್ತಿಕೊಂಡು ಬಂದ ತಾಯಿ ‘ತಲೆ ಒಡೆದುಹೋಯ್ತು’ ಅನ್ನುತ್ತಾಳೆ, ‘ತಲೆ ಕೊಯ್ದುಹೋಯ್ತು’ ಅನ್ನುವುದಿಲ್ಲ. ಪಠ್ಯಪುಸ್ತಕ ‘ಸ್ಪ್ಲಿಟ್ ಲ್ಯಾಸರೇಶನ್’ ಅನ್ನುವುದಕ್ಕೆ ಆಕೆಯ ‘ಒಡೆದ’ಕ್ಕಿಂತ ಒಳ್ಳೆಯ ಕನ್ನಡ ಸಿಗುವುದು ಕಷ್ಟ.

ಹಾಗೆಂದು ಕನ್ನಡದಲ್ಲೂ ಎರಡು ಬಲೆಗಳಿವೆ. ಲ್ಯಾಸರೇಶನ್ ಅನ್ನು ‘ಸೀಳುಗಾಯ’ ಎಂದು ಅನುವಾದಿಸುವ ರೂಢಿ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ಸೌದೆ ಸೀಳುವುದು ಕೊಡಲಿಯಿಂದ, ಮೀನು ಸೀಳುವುದು ಕತ್ತಿಯಿಂದ. ಓದಿದವರ ಮನಸ್ಸಿಗೆ ಮೊದಲು ಬರುವುದು ಅಲಗು. ‘ಹರಿದ ಗಾಯ’ ಎಂಬುದೇ ಸರಿ. ಆದರೆ ಅಲ್ಲಿ ಎರಡನೇ ಬಲೆ: ‘ಹರಿದ’ದ ಪಕ್ಕದಲ್ಲೇ ‘ಹರಿತ’ ಕೂತಿದೆ. ಡಾಕ್ಟರು ಬಾಯಲ್ಲಿ ‘ಹರಿದ ಗಾಯ’ ಎಂದದ್ದು ಬರೆದುಕೊಳ್ಳುವವರ ಕಿವಿಯಲ್ಲಿ ‘ಹರಿತದ ಗಾಯ’ವಾಗಿ, ಅದು ‘ಹರಿತವಾದ ಆಯುಧದಿಂದ ಆದ ಗಾಯ’ವಾಗಿ ಬೆಳೆಯಲು ಒಂದು ಅಕ್ಷರ ಸಾಕು. ಬಾಯಲ್ಲಿ ಹೇಳುವಾಗ ‘ಮೊಂಡು ಪೆಟ್ಟಿಗೆ ಹರಿದದ್ದು’ ಎಂದು ಪೂರ್ತಿ ಹೇಳುವುದು ಕ್ಷೇಮ. ದೂರಿನ ಭಾಷೆಯಲ್ಲಿ ಬರುವ ‘ರಕ್ತಗಾಯ’ದಿಂದ ರಕ್ತ ಬಂತು ಎಂಬುದಷ್ಟೇ ತಿಳಿಯುತ್ತದೆ. ‘ಮೂಗೇಟು’, ಉತ್ತರ ಕರ್ನಾಟಕದ ಕಡೆಯ ‘ಗುಪ್ತಪೆಟ್ಟು’ ಇವುಗಳಿಂದ ಚರ್ಮ ಒಡೆದಿಲ್ಲ ಎಂಬುದಷ್ಟೇ. ಇವನ್ನು ವೈದ್ಯಕೀಯ ಪದವಿಗೆ ಏರಿಸಬಾರದು.

ಗಾಯವನ್ನು ನೋಡುವುದು ಹೇಗೆ? ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಿರಿ, ಉಸಿರಾಟ, ಪ್ರಜ್ಞೆ, ಬಿಪಿ ನೋಡಿ. ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ವಿವರ ಬರೆದು ಪೊಲೀಸರಿಗೆ ಕೊಡುವ ಕಾಗದ, ಆಮೇಲೆ. ಆಳು ಸ್ಥಿರವಾಗಿದ್ದರೆ ಕೂದಲು ಬೋಳಿಸುವ ಮುಂಚೆ, ಹೊಲಿಗೆಯ ಸೂಜಿ ಕೈಗೆತ್ತಿಕೊಳ್ಳುವ ಮುಂಚೆ ಎರಡು ನಿಮಿಷ ಗಾಯಕ್ಕೆ ಕೊಡಿ. ಸಲೈನಿನಲ್ಲಿ ಅದ್ದಿದ ಗಾಜ್‌ನಿಂದ ಮೆಲ್ಲಗೆ ಒತ್ತಿ ಹೆಪ್ಪು ತೆಗೆಯಿರಿ, ಉಜ್ಜಬೇಡಿ. ಉಜ್ಜಿದರೆ ಎಳೆಗಳು ಕಿತ್ತುಬರುತ್ತವೆ. ಒಳ್ಳೆಯ ಬೆಳಕಿನಲ್ಲಿ ಗಾಯದ ಎರಡು ಅಂಚುಗಳನ್ನು ಬೆರಳಿನಿಂದ ಸ್ವಲ್ಪ ಅಗಲಿಸಿ, ತಳದಲ್ಲೂ ಎರಡೂ ತುದಿಗಳ ಮೂಲೆಯಲ್ಲೂ ಅಡ್ಡ ಎಳೆಗಳಿವೆಯೇ ನೋಡಿ. ಸೇತುವೆಗಳು ಹೆಚ್ಚಾಗಿ ಉಳಿದಿರುವುದು ಆ ಮೂಲೆಗಳಲ್ಲೇ. ಕೈಯಲ್ಲಿ ಹಿಡಿಯುವ ಸಾಧಾರಣ ಭೂತಗನ್ನಡಿ ಸಾಕು. ಕ್ಯಾಶುಯಲ್ಟಿಯ ಮೇಜಿನ ಡ್ರಾಯರಿನಲ್ಲಿ ಅದೊಂದು ಇರಲೇಬೇಕಾದ ಸಾಮಾನು. ಹೆಚ್ಚಿನ ಕಡೆ ಇರುವುದಿಲ್ಲ.

ಆಮೇಲೆ ಅಂಚು. ಹರಿದ ಗಾಯದ ಅಂಚು ಅಂಕುಡೊಂಕು, ಜಜ್ಜಿರುತ್ತದೆ. ಅದರ ಸುತ್ತ ಕೆಲವು ಮಿಲಿಮೀಟರು ಅಗಲಕ್ಕೆ ಚರ್ಮ ತರಚಿ ಕೆಂಪಾಗಿರುತ್ತದೆ ಅಥವಾ ಕಂದಿರುತ್ತದೆ. ಪೆಟ್ಟು ಓರೆಯಾಗಿ ಬಿದ್ದಿದ್ದರೆ ಒಂದು ಕಡೆಯ ಅಂಚು ಕೆಳಗಿನಿಂದ ಬಿಟ್ಟುಕೊಂಡು ಜೇಬಿನಂತಾಗಿರುತ್ತದೆ. ಯಾವ ಕಡೆಗೆ ಜೇಬು ಇದೆಯೋ ಬಲ ಆ ಕಡೆಗೆ ಹೋಗಿದೆ. ಕೊಯ್ದ ಗಾಯದ ಅಂಚು ನೇರ, ಶುಭ್ರ, ಹೊರಕ್ಕೆ ಮಗುಚಿಕೊಂಡು ಬಾಯಿ ಬಿಟ್ಟಿರುತ್ತದೆ. ಅಲಗು ಎಳೆದ ಗಾಯವಾದರೆ ಶುರುವಿನಲ್ಲಿ ಆಳ, ಹೋಗುತ್ತಾ ತೆಳುವಾಗಿ ಕೊನೆಗೆ ಗೀರಿನಂತೆ ಮುಗಿಯುತ್ತದೆ. ಆ ಬಾಲ ಇರುವ ಕಡೆ ಅಲಗು ಹೊರಗೆ ಬಂದಿದೆ ಎಂದರ್ಥ. ರಕ್ತದ ವಿಷಯಕ್ಕೆ ಬಂದರೆ, ಕೊಯ್ದ ಗಾಯದಲ್ಲಿ ನಾಳಗಳು ನೀಟಾಗಿ ಕತ್ತರಿಸಿರುವುದರಿಂದ ಧಾರಾಳವಾಗಿ ಸೋರುತ್ತದೆ. ಹರಿದ ಗಾಯದಲ್ಲಿ ನಾಳಗಳು ಜಜ್ಜಿ ಹಿಸುಕಿ ಮುಚ್ಚಿಕೊಳ್ಳುವುದರಿಂದ ಕಡಿಮೆ. ಇದಕ್ಕೆ ದೊಡ್ಡ ಅಪವಾದ ತಲೆ.

ತಲೆಯ ಗಾಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ತಪ್ಪಾಗುವುದು ಹೆಚ್ಚಾಗಿ ಅಲ್ಲೇ. ನೆತ್ತಿಯ ಚರ್ಮದ ಕೆಳಗೆ ಬಿಗಿಯಾದ ನಾರಿನ ಪದರವಿದೆ, ರಕ್ತನಾಳಗಳು ಅದರಲ್ಲಿ ಅಂಟಿಕೊಂಡಿವೆ. ಹರಿದರೂ ಅವು ಒಳಕ್ಕೆ ಸರಿದು ಮುಚ್ಚಿಕೊಳ್ಳಲಾರವು. ಬಾಯಿ ತೆರೆದೇ ಇರುತ್ತದೆ. ಹಾಗಾಗಿ ಎರಡು ಸೆಂಟಿಮೀಟರಿನ ಗಾಯಕ್ಕೆ ಅಂಗಿಯೆಲ್ಲ ತೊಯ್ದಿರುತ್ತದೆ. ಅದರ ಕೆಳಗೆ ಗೇಲಿಯಾ ಎಂಬ ಗಟ್ಟಿ ಪೊರೆ. ಅದು ಅಡ್ಡಕ್ಕೆ ಹರಿದಿದ್ದರೆ ಗಾಯ ಬಾಯಿ ಬಿಡುತ್ತದೆ, ಹರಿಯದಿದ್ದರೆ ಅಂಚುಗಳು ಹತ್ತಿರವೇ ಇರುತ್ತವೆ. ಅದರ ಕೆಳಗೆ ತೆಳುವಾದ ಪದರಗಳನ್ನು ಬಿಟ್ಟರೆ ಮೂಳೆಯೇ. ದೊಣ್ಣೆಯ ಪೆಟ್ಟು ಬಿದ್ದಾಗ ಚರ್ಮ ಮೇಲಿನ ದೊಣ್ಣೆಗೂ ಕೆಳಗಿನ ಮೂಳೆಗೂ ನಡುವೆ ಸಿಕ್ಕಿ, ಹಣ್ಣಾದ ಬಾಳೆಹಣ್ಣಿನ ಸಿಪ್ಪೆ ಒತ್ತಿದರೆ ಬಿರಿಯುವ ಹಾಗೆ, ಉದ್ದಕ್ಕೆ ಬಿರಿಯುತ್ತದೆ. ದೂರದಿಂದ ನೋಡಿದರೆ ಮಚ್ಚಿನ ಏಟು ಎಂದೇ ಅನ್ನಿಸುವಷ್ಟು ನೇರ. ಹುಬ್ಬು, ಕೆನ್ನೆಮೂಳೆ, ಗದ್ದ, ಮೊಳಕಾಲಿನ ಕೆಳಗಿನ ಮುಂಗಾಲು ಮೂಳೆ, ಸೊಂಟದ ಮೂಳೆಯ ಅಂಚು, ಹೀಗೆ ಚರ್ಮದ ಅಡಿಯಲ್ಲೇ ಮೂಳೆ ಇರುವ ಕಡೆಯೆಲ್ಲ ಇದೇ ಕಥೆ. ‘ಇನ್ಸೈಸ್ಡ್ ಲುಕಿಂಗ್’, ಕೊಯ್ದಂತೆ ಕಾಣುವಂಥದ್ದು, ಎಂದು ಪಠ್ಯಗಳು ಎಚ್ಚರಿಸುವುದು ಇಂಥವುಗಳ ಬಗ್ಗೆಯೇ.

ಇಲ್ಲಿ ಕೂದಲು ಸಾಕ್ಷಿ ಹೇಳುತ್ತದೆ. ಅಲಗು ತಾಗಿದ್ದರೆ ಗಾಯದ ಅಂಚಿನ ಕೂದಲು ಕತ್ತರಿಸಿರುತ್ತದೆ, ತುದಿ ಚೊಕ್ಕ. ಮೊಂಡು ಪೆಟ್ಟಾದರೆ ಕೂದಲು ಕತ್ತರಿಸದೆ ಗಾಯದೊಳಕ್ಕೆ ತಳ್ಳಿಕೊಂಡು ಹೋಗಿರುತ್ತದೆ, ಬುಡದ ಗಡ್ಡೆಗಳು ಜಜ್ಜಿರುತ್ತವೆ ಅಥವಾ ಕಿತ್ತುಬಂದಿರುತ್ತವೆ. ವಾರ್ಡ್‌ಬಾಯ್ ಬ್ಲೇಡು ಹಿಡಿದು ಸುತ್ತ ಬೋಳಿಸಿ ಮುಗಿಸಿದ ಮೇಲೆ ಈ ಸಾಕ್ಷಿ ಕಸದ ಬುಟ್ಟಿಯಲ್ಲಿರುತ್ತದೆ. ಅದಕ್ಕೇ ಮೊದಲು ನೋಡಿ, ಬರೆದುಕೊಂಡು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದು ಆಮೇಲೆ ಬೋಳಿಸಿ. ಗಾಯದ ತಳದಲ್ಲಿ ಮೂಳೆ ಕಂಡರೆ ಅದನ್ನೂ ನೋಡಿ. ಮಚ್ಚು, ಕೊಡಲಿ ತಾಗಿದ್ದರೆ ಮೂಳೆಯ ಮೇಲ್ಪದರದಲ್ಲಿ ಗೆರೆ ಅಥವಾ ಕಚ್ಚು ಇರುತ್ತದೆ.

ಉಲ್ಟಾ ತಪ್ಪೂ ಆಗುತ್ತದೆ. ಕಂಕುಳು, ವೃಷಣಚೀಲ, ವಯಸ್ಸಾದವರ ಕುತ್ತಿಗೆ ಇಂಥ ಸಡಿಲ ಚರ್ಮದ ಮೇಲೆ ಅಲಗು ಎಳೆದರೆ ಚರ್ಮ ಮಡಿಕೆ ಮಡಿಕೆಯಾಗಿ ಅಂಚು ಹಾವಿನಂತೆ ಹೊರಳಿರುತ್ತದೆ. ಅದನ್ನು ಕಂಡು ಹರಿದದ್ದು ಎಂದು ಬರೆಯುವವರಿದ್ದಾರೆ. ತಳ ನೋಡಿ: ಸೇತುವೆಯಿಲ್ಲ, ಸುತ್ತ ತರಚಿಲ್ಲ. ಒಡೆದ ಬಾಟಲಿಯ ಗಾಯ ಎಷ್ಟೇ ಅಡ್ಡಾದಿಡ್ಡಿ ಇದ್ದರೂ ಗಾಜು ಹರಿತವೇ. ಒಳಗೆ ಚೂರು ಹುಡುಕಿ, ಎಕ್ಸ್‌ರೇ ಮಾಡಿಸಿ. ಗಾಜು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ, ಮರದ ಸೀಳು ಕಾಣುವುದಿಲ್ಲ. ಕಿವಿಯ ಓಲೆ ಕಿತ್ತುಕೊಂಡು ಹೋದ ಕೇಸಿನಲ್ಲಿ ಹಾಲೆ ಎರಡಾಗಿರುತ್ತದೆ. ಅಲ್ಲಿ ಯಾರೂ ಹೊಡೆದಿಲ್ಲ, ಕತ್ತರಿಸಿಯೂ ಇಲ್ಲ, ಎಳೆದು ಹರಿದದ್ದು, ಅದೂ ಲ್ಯಾಸರೇಶನ್ನೇ. ಲಾರಿಯ ಚಕ್ರ ಕಾಲಿನ ಮೇಲೆ ಹರಿದು ಚರ್ಮ ಕಾಲುಚೀಲದಂತೆ ಸುಲಿದು ಬಂದರೆ ಅದು ಅವಲ್ಶನ್, ಹರಿದ ಗಾಯದ ಅತಿ ಕೆಟ್ಟ ರೂಪ.

ಮಚ್ಚು, ಕೊಡಲಿಗಳದ್ದು ಬೇರೆಯೇ ಕೋಣೆ. ಭಾರವೂ ಇದೆ, ಅಲಗೂ ಇದೆ. ಅಲಗು ಹರಿತವಾಗಿದ್ದರೆ ಅಂಚು ಚೊಕ್ಕ, ಅಂಚಿನಲ್ಲಿ ಸ್ವಲ್ಪ ಜಜ್ಜು, ಕೆಳಗಿನ ಮೂಳೆಯೂ ಕಚ್ಚಿರುತ್ತದೆ. ಇದು ಕೊಚ್ಚಿದ ಗಾಯ, ಚಾಪ್ ವೂಂಡ್. ಅಲಗು ಮೊಂಡಾದಷ್ಟೂ ಅಂಚು ಹರಿದಂತೆ ಕಾಣುತ್ತದೆ. ಕೆಲವು ಪಠ್ಯಗಳು ಇದಕ್ಕೆ ‘ಕಟ್ ಲ್ಯಾಸರೇಶನ್’ ಎಂದು ಒಳಹೆಸರು ಕೊಟ್ಟು ಸಿಎಲ್‌ಡಬ್ಲ್ಯು ಗೊಂದಲಕ್ಕೆ ಗೊಬ್ಬರ ಹಾಕಿವೆ. ‘ಚಾಪ್’ ಎಂದು ಬರೆದರೆ ಅನುಮಾನವೇ ಬರುವುದಿಲ್ಲ. ಅದೇ ಮಚ್ಚಿನ ಬೆನ್ನಿನ ಕಡೆಯಿಂದ ಹೊಡೆದರೆ ಆಗುವುದು ಶುದ್ಧ ಹರಿದ ಗಾಯ. ‘ಮಚ್ಚಿನಿಂದ ಹೊಡೆದರು’ ಎಂಬ ಸಾಕ್ಷಿಯ ಮಾತೂ ನಿಜವಿರಬಹುದು, ಗಾಯ ಲ್ಯಾಸರೇಶನ್ ಎಂಬುದೂ ನಿಜವಿರಬಹುದು. ಡಾಕ್ಟರ ಕೆಲಸ ಕಂಡದ್ದನ್ನು ಬರೆಯುವುದು. ‘ಮಚ್ಚು ಅಂತ ಹೇಳಿದರಲ್ಲ’ ಎಂದು ಗಾಯದ ಹೆಸರನ್ನು ಕಥೆಗೆ ಹೊಂದಿಸಿದರೆ ಮುಂದೆ ಎರಡೂ ನಿಲ್ಲುವುದಿಲ್ಲ.

ಹೆಸರು ಇಷ್ಟು ಮುಖ್ಯವಾಗುವುದು ಕಾನೂನಿನ ಕಾರಣಕ್ಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕೆಂದೇ ಸಾದಾ ಗಾಯ ಮಾಡಿದರೆ ಕಲಂ 115(2): ಒಂದು ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಸಾದಾ ಗಾಯವನ್ನು ಗುಂಡು ಹಾರಿಸುವ, ಇರಿಯುವ, ಕತ್ತರಿಸುವ ಸಾಧನದಿಂದ ಮಾಡಿದರೆ 118(1): ಮೂರು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಲೆಕ್ಕದಲ್ಲಿ ಇವು ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ, 323, 324. ಆ ತಾರೀಖಿಗೆ ಮುಂಚಿನ ಘಟನೆಗಳಿಗೆ ಈಗಲೂ ಐಪಿಸಿಯೇ. 115(2) ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ, 118(1) ಸಂಜ್ಞೇಯ. ಇಷ್ಟು ದೊಡ್ಡ ಅಂತರ ‘ಇನ್ಸೈಸ್ಡ್’ ಮತ್ತು ‘ಲ್ಯಾಸರೇಟೆಡ್’ ಎಂಬ ಎರಡು ಪದಗಳ ಮೇಲೆ ತೂಗುತ್ತಿರುತ್ತದೆ. ದೊಣ್ಣೆಯ ಪೆಟ್ಟು ಯಾವಾಗಲೂ ಕೆಳಗಿನ ಕಲಮಿಗೇ ಬೀಳುತ್ತದೆ ಎಂದಲ್ಲ. ಆಯುಧವಾಗಿ ಬಳಸಿದರೆ ಸಾವು ತರಬಲ್ಲ ಯಾವ ಸಾಧನವಾದರೂ 118ಕ್ಕೆ ಬರುತ್ತದೆ. ಆದರೆ ಅದನ್ನು ನಿರ್ಧರಿಸುವುದು ನ್ಯಾಯಾಲಯ, ಡಾಕ್ಟರಲ್ಲ.

ಗಾಯದ ಬಗೆಗೂ ಗಾಯದ ತೀವ್ರತೆಗೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹನ್ನೆರಡು ಸೆಂಟಿಮೀಟರಿನ ಹರಿದ ಗಾಯ ಹೊಲಿಗೆ ಹಾಕಿಸಿಕೊಂಡು ವಾಸಿಯಾದರೆ ‘ಸಾದಾ’. ಮೂಗಿನ ಮೇಲೆ ಅರ್ಧ ಸೆಂಟಿಮೀಟರಿನ ತರಚು, ಒಳಗೆ ಮೂಗಿನ ಮೂಳೆ ಮುರಿದಿದ್ದರೆ ‘ತೀವ್ರ’. ಕಲಂ 116ರ ಎಂಟು ಬಗೆಗಳಲ್ಲಿ ಒಂದರೊಳಗೆ ಬಂದರೆ ಮಾತ್ರ ತೀವ್ರ. ಅದರ ಕೊನೆಯ ಬಗೆಯಲ್ಲಿ ಜೀವಕ್ಕೆ ಅಪಾಯ ತಂದ ಗಾಯದ ಜೊತೆಗೆ, ಹದಿನೈದು ದಿನ ತೀವ್ರ ನೋವು ಕೊಟ್ಟ ಅಥವಾ ದಿನನಿತ್ಯದ ಕೆಲಸಕ್ಕೆ ಆಗದಂತೆ ಮಾಡಿದ ಗಾಯವೂ ಸೇರುತ್ತದೆ. ಐಪಿಸಿಯಲ್ಲಿ ಇದು ಇಪ್ಪತ್ತು ದಿನ ಇತ್ತು, ಇನ್ನೂ ಹಳೆಯ ಅಂಕಿಯನ್ನೇ ಬರೆಯುವವರು ಗಮನಿಸಿ. ಹದಿನೈದು ದಿನ ಬೆಡ್ಡಿನಲ್ಲಿ ಮಲಗಿದ್ದ ಮಾತ್ರಕ್ಕೆ ತೀವ್ರವಾಗುವುದಿಲ್ಲ, ನೋವು ಅಥವಾ ಅಸಹಾಯಕತೆ ಇತ್ತೆಂದು ಕೇಸ್ ಶೀಟ್ ಹೇಳಬೇಕು. ಮುಖದ ಗಾಯದಲ್ಲಿ ಶಾಶ್ವತ ವಿಕಾರ ಆಯಿತೇ ಎಂಬುದು ಗಾಯ ಮಾಗಿದ ಮೇಲಿನ ಮಾತು. ಎಕ್ಸ್‌ರೇ, ಸಿಟಿ ಬರುವ ತನಕ ‘ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದು ಬರೆಯುವುದರಲ್ಲಿ ನಾಚಿಕೆಯೇನಿಲ್ಲ.

ಈಗ ಮೊದಲು ಹೇಳಿದ ಸಾಲನ್ನೇ ತೆಗೆದುಕೊಳ್ಳೋಣ. ‘ಸಿಎಲ್‌ಡಬ್ಲ್ಯು, ತಲೆ, 4 × 1 ಸೆಂ.ಮೀ.’ ತಲೆಯ ಯಾವ ಕಡೆ? ಆಳ ಎಷ್ಟು? ದಿಕ್ಕು? ಅಂಚು? ಅದೇ ಗಾಯವನ್ನು ಹೀಗೆ ಬರೆಯಬಹುದಿತ್ತು:

‘ಗಾಯ 1: ಲ್ಯಾಸರೇಟೆಡ್ ವೂಂಡ್, ಎಡ ಪೆರೈಟಲ್ (ನೆತ್ತಿಯ ಪಕ್ಕದ) ಭಾಗ, 4 × 0.8 ಸೆಂ.ಮೀ., ಮೂಳೆಯ ಆಳ. ಹಿಂದು-ಮುಂದಾಗಿ ಇದೆ, ಮುಂದಿನ ತುದಿ ಎಡ ಕಿವಿಯ ಮೇಲಂಚಿನಿಂದ 7 ಸೆಂ.ಮೀ. ಮೇಲೆ, ನಡುಗೆರೆಯಿಂದ 6 ಸೆಂ.ಮೀ. ಎಡಕ್ಕೆ. ಅಂಚು ಅಂಕುಡೊಂಕು, ಸುತ್ತ 0.3 ಸೆಂ.ಮೀ. ಅಗಲಕ್ಕೆ ತರಚಿದೆ. ತಳದಲ್ಲಿ ಅಂಗಾಂಶದ ಎಳೆಗಳು ಅಡ್ಡ ಹಾದಿವೆ. ಅಂಚಿನ ಕೂದಲು ಕತ್ತರಿಸಿಲ್ಲ, ಜಜ್ಜಿದೆ. ಇಟ್ಟಿಗೆ ಬಣ್ಣದ ಪುಡಿ ಇತ್ತು. ತೆಗೆದು ಸೀಲ್ ಮಾಡಿ ಪೊಲೀಸರಿಗೆ ಕೊಟ್ಟಿದೆ. ಹಸಿ ರಕ್ತ ಸೋರುತ್ತಿದೆ.’

ಬರೆಯಲು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ. ಎರಡು ವರ್ಷ ಕಳೆದು ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಆ ಗಾಯ ಕಣ್ಣ ಮುಂದೆ ಬರುವುದು ಈ ಸಾಲುಗಳಿಂದಲೇ. ‘ಮೊಂಡು ವಸ್ತುವಿನಿಂದ ಆಗಿದೆ’ ಎಂಬ ಅಭಿಪ್ರಾಯಕ್ಕೆ ಕಾರಣಗಳೂ ಇದರಲ್ಲೇ ಇವೆ. ಬೇರೆಯ ವಿವರಗಳು, ಅಂದರೆ ಎರಡು ಗುರುತಿನ ಮಚ್ಚೆ, ಪರೀಕ್ಷಿಸಿದ ತಾರೀಖು, ಗಂಟೆ, ಕರೆತಂದವರು, ಗಾಯಾಳು ತನ್ನ ಮಾತಿನಲ್ಲಿ ಹೇಳಿದ್ದು, ಇವೆಲ್ಲ ಮಾಮೂಲಿ ನಮೂನೆಯಲ್ಲಿ ಇದ್ದೇ ಇರುತ್ತವೆ. ಇರಿತದ ಗಾಯದಲ್ಲಿ ಉದ್ದವನ್ನು ಅಂಚು ಕೂಡಿಸಿ ಒಮ್ಮೆ ಅಳೆಯಿರಿ, ಆಳ ತಿಳಿಯಲು ಬೆರಳು, ಪ್ರೋಬ್ ಹಾಕಬೇಡಿ. ಹೆಪ್ಪು ಕಿತ್ತು ರಕ್ತ ಮತ್ತೆ ಚಿಮ್ಮೀತು. ಹರಿದ ಗಾಯದ ಉದ್ದದಿಂದ ದೊಣ್ಣೆಯ ಗಾತ್ರ ಹೇಳಲು ಹೋಗಬೇಡಿ. ಕೊಯ್ದ ಗಾಯದ ಉದ್ದದಿಂದ ಚಾಕುವಿನ ಉದ್ದವನ್ನೂ ಹೇಳಲಾಗದು. ಸಣ್ಣ ಬ್ಲೇಡಿನಿಂದ ಅಡಿಯುದ್ದ ಎಳೆಯಬಹುದು.

ಗಾಯದ ವಯಸ್ಸು ಹೇಳುವಾಗ ಹರಿದ ಗಾಯಕ್ಕಿಂತ ಅದರ ಪಕ್ಕದ ತರಚು, ಕಂದುಗಳೇ ಹೆಚ್ಚು ನೆರವಾಗುತ್ತವೆ. ತರಚು ಹೊಸದರಲ್ಲಿ ಹೊಳೆಯುವ ಕೆಂಪು, ಒಂದು ದಿನದೊಳಗೆ ಒಣಗಿ ಕೆಂಪು ಹೆಕ್ಕಳೆ, ಎರಡು ಮೂರು ದಿನಕ್ಕೆ ಕೆಂಗಂದು, ಏಳು ದಿನದ ಹೊತ್ತಿಗೆ ಕಪ್ಪಾಗಿ ಅಂಚಿನಿಂದ ಏಳತೊಡಗುತ್ತದೆ. ಮೂಗೇಟಿನ ಬಣ್ಣ ಕೆಂಪು, ನೀಲಿ, ಕಂದು, ಹಸಿರು, ಹಳದಿ ಎಂದು ಹೋಗುತ್ತದೆ. ದಿನಗಳ ಲೆಕ್ಕ ಆಳ, ಜಾಗ, ವಯಸ್ಸು, ಮೈಬಣ್ಣಗಳಿಂದ ಏರುಪೇರಾಗುತ್ತದೆ, ಗಡಿಯಾರದಂತೆ ನಂಬಬಾರದು. ಹಳದಿ ಕಂಡರೆ ಇಂದು ಬೆಳಿಗ್ಗೆಯ ಪೆಟ್ಟಲ್ಲ ಎನ್ನಬಹುದು, ಮೊದಲು ಅದು ಅರಿಸಿನವಲ್ಲ ಎಂದು ಒರೆಸಿ ನೋಡಿದ ಮೇಲೆ! ಮನೆಯಲ್ಲಿ ಮೆತ್ತಿ ಕಳಿಸುವ ಅರಿಸಿನ, ಕಾಫಿಪುಡಿ, ಸುಣ್ಣ ಇವು ಸೋಂಕಿಗೆ ದಾರಿ ಮಾಡುವುದು ಒಂದು ಕಡೆ. ಅಂಚು, ಬಣ್ಣ, ಒಳಗೆ ಸಿಕ್ಕ ಮಣ್ಣು ಯಾವುದೂ ಕಾಣದಂತೆ ಮಾಡುವುದು ಇನ್ನೊಂದು ಕಡೆ. ಚೊಕ್ಕ ಬಟ್ಟೆಯನ್ನು ಮಡಿಸಿ ಹತ್ತು ನಿಮಿಷ, ನಡುನಡುವೆ ತೆಗೆದು ನೋಡದೆ, ಒತ್ತಿ ಹಿಡಿದರೆ ತಲೆಯ ಗಾಯದ ರಕ್ತವೂ ಸಾಮಾನ್ಯವಾಗಿ ನಿಲ್ಲುತ್ತದೆ.

ಚಿಕಿತ್ಸೆಯಲ್ಲೂ ಪದದ ಅರ್ಥ ಕೆಲಸಕ್ಕೆ ಬರುತ್ತದೆ. ಹರಿದ ಗಾಯದ ಅಂಚಿನ ಅಂಗಾಂಶ ಅರ್ಧ ಸತ್ತಿರುತ್ತದೆ, ಒಳಗೆ ಮಣ್ಣು ಸೇರಿರುತ್ತದೆ. ಆದ್ದರಿಂದ ಅದೇ ಅಳತೆಯ ಚಾಕುಗಾಯಕ್ಕಿಂತ ಬೇಗ ಕೀವಾಗುತ್ತದೆ, ಕಲೆಯೂ ದಪ್ಪ. ತೊಳೆಯುವುದೇ ಇಲ್ಲಿ ಅರ್ಧ ಚಿಕಿತ್ಸೆ: ಗಾಯದ ಪ್ರತಿ ಸೆಂಟಿಮೀಟರಿಗೆ 50ರಿಂದ 100 ಮಿ.ಲೀ. ಸಲೈನು, 20 ಮಿ.ಲೀ. ಸಿರಿಂಜಿಗೆ 18 ಗೇಜಿನ ಕ್ಯಾನುಲಾ ಹಾಕಿ ಒತ್ತಡದಿಂದ. ಬೆಟಾಡಿನ್ ಸುರಿದು ಒರೆಸಿಬಿಟ್ಟರೆ ತೊಳೆದ ಹಾಗಾಗಲಿಲ್ಲ. ಸತ್ತ ಅಂಚನ್ನು ಮಾತ್ರ ಕತ್ತರಿಸಿ. ಮುಖದಲ್ಲಿ ಜಿಪುಣತನ ಇರಲಿ. ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಕಪ್ಪಾಗಿ ಕಂಡ ಚೂರೂ ಬದುಕಿಕೊಳ್ಳುತ್ತದೆ. ಹುಬ್ಬನ್ನು ಬೋಳಿಸಬೇಡಿ, ಎರಡು ಕಡೆಯ ಗೆರೆ ಕೂಡಿಸಲು ಅದೇ ಗುರುತು. ಮರಗಟ್ಟಿಸುವ ಲಿಗ್ನೋಕೇನ್ ಅಡ್ರಿನಲಿನ್ ಇಲ್ಲದ್ದಾದರೆ ಕೆಜಿಗೆ 4.5 ಮಿ.ಗ್ರಾಂ. ಮಿತಿ, 60 ಕೆಜಿಯವರಿಗೆ 2 ಪರ್ಸೆಂಟಿನದು ಹದಿಮೂರು ಮಿ.ಲೀ. ದಾಟಬಾರದು. ಹೊಲಿಗೆ ಬಿಚ್ಚುವುದು ಮುಖದ್ದು 5 ದಿನಕ್ಕೆ, ತಲೆಯದು 7ರಿಂದ 10, ಕೈಕಾಲಿನದು 10ರಿಂದ 14. ಮುಖದ ಹೊಲಿಗೆ ಹತ್ತು ದಿನ ಬಿಟ್ಟರೆ ರೈಲುಹಳಿಯಂತೆ ಅಡ್ಡ ಗೆರೆ ಉಳಿಯುತ್ತದೆ. ಟೆಟನಸ್ ಚುಚ್ಚುಮದ್ದು ಮಣ್ಣು ಮೆತ್ತಿದ ಗಾಯಕ್ಕೆ ಹಿಂದಿನ ಡೋಸಿಗೆ 5 ವರ್ಷ ದಾಟಿದ್ದರೆ, ಸಣ್ಣ ಚೊಕ್ಕ ಗಾಯಕ್ಕೆ 10 ವರ್ಷ ದಾಟಿದ್ದರೆ.

ಸಾಮಾನ್ಯವಾಗಿ ಹೊಲಿಯಬಾರದ ಎರಡು ಹರಿದ ಗಾಯಗಳಿವೆ. ಒಂದು, ಮುಷ್ಟಿಯ ಗೆಣ್ಣಿನ ಮೇಲಿನ ಸಣ್ಣ ಗಾಯ. ಎದುರಾಳಿಯ ಹಲ್ಲಿಗೆ ಗುದ್ದಿದವರಿಗೆ ಆಗುವುದು. ‘ಗೋಡೆಗೆ ತಾಗಿತು’ ಎಂದೇ ಹೇಳುತ್ತಾರೆ. ಬೆರಳು ಚಾಚಿ ನೋಡಿದರೆ ಏನೂ ಇಲ್ಲದಂತೆ ಕಾಣುತ್ತದೆ. ಮುಷ್ಟಿ ಕಟ್ಟಿಸಿ ನೋಡಿ, ಗಾಯದ ತಳದಲ್ಲಿ ಸ್ನಾಯುರಜ್ಜು, ಕೀಲು ಕಾಣಬಹುದು. ಅದನ್ನು ಹೊಲಿದು ಮುಚ್ಚಿದರೆ ಬಾಯಿಯ ಕೀಟಾಣುಗಳನ್ನು ಕೀಲಿನೊಳಗೆ ಬೀಗ ಹಾಕಿದಂತೆ. ಇನ್ನೊಂದು ನಾಯಿಕಡಿತ. ಅದನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅಲ್ಲೂ ಚರ್ಮದ ಭಾಷೆಯೇ ನಿರ್ಣಾಯಕ: ರಕ್ತ ಬರದ ಸಣ್ಣ ಪರಚು ರೇಬಿಸ್ ಲೆಕ್ಕದಲ್ಲಿ ಎರಡನೇ ವರ್ಗ, ಲಸಿಕೆ ಸಾಕು, ಚರ್ಮ ದಾಟಿ ಹೋದದ್ದು ಮೂರನೇ ವರ್ಗ, ಲಸಿಕೆಯ ಜೊತೆಗೆ ಗಾಯದೊಳಕ್ಕೇ ಇಮ್ಯುನೋಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಹಾಕಬೇಕು. ಹೊಲಿಯದೆ ವಿಧಿಯಿಲ್ಲ ಎನ್ನುವಷ್ಟು ಹರಿದಿದ್ದರೆ ಇಮ್ಯುನೋಗ್ಲಾಬ್ಯುಲಿನ್ ತುಂಬಿದ ಮೇಲೆ ಸಡಿಲವಾಗಿ ಒಂದೆರಡು.

ಅಮೆರಿಕದಲ್ಲಿರುವ ಕನ್ನಡಿಗರು ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು ಎಮರ್ಜೆನ್ಸಿಗೆ ಹೋದರೆ ಬಿಲ್ಲಿನಲ್ಲಿ ಬರುವುದು ‘ಲ್ಯಾಸರೇಶನ್ ರಿಪೇರ್’. ಚಾಕುವಿನ ಗಾಯಕ್ಕೆ ಹರಿದದ್ದು ಅಂತ ಏಕೆ? ಅಲ್ಲಿನ ರೋಗನಿದಾನದ ಸಂಕೇತಪಟ್ಟಿಯಲ್ಲಿ ತೆರೆದ ಗಾಯಕ್ಕಿರುವ ಮುಖ್ಯ ಖಾನೆಗಳು ಲ್ಯಾಸರೇಶನ್, ಚುಚ್ಚುಗಾಯ, ಕಡಿತ. ಕೊಯ್ದದ್ದಕ್ಕೆ ಬೇರೆ ಖಾನೆ ಇಲ್ಲ. ಚಿಕಿತ್ಸೆಯ ದೃಷ್ಟಿಯಿಂದ, ವಿಮೆಯ ಲೆಕ್ಕಕ್ಕೆ ಅದು ನಡೆಯುತ್ತದೆ. ನಮ್ಮ ಖಾಸಗಿ ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿಯಲ್ಲೂ ಈ ಸಡಿಲ ಬಳಕೆ ಬಂದಿದೆ. ಅದೇ ರೋಗಿಯ ವೂಂಡ್ ಸರ್ಟಿಫಿಕೇಟಿನಲ್ಲಿ ‘ಇನ್ಸೈಸ್ಡ್’ ಎಂದಿದ್ದರೆ ಎರಡು ಕಾಗದ ಎರಡು ಮಾತಾಡುತ್ತವೆ, ಲಾಭ ಆರೋಪಿಗೆ. ಹೆರಿಗೆ ಕೋಣೆಯಲ್ಲಿ ಮಾತ್ರ ಈ ತಪ್ಪು ಕಾಣಸಿಗದು: ತಾನಾಗಿ ಹರಿದದ್ದು ಪೆರಿನಿಯಲ್ ಟೇರ್, ಒಂದರಿಂದ ನಾಲ್ಕನೇ ಡಿಗ್ರಿ, ಕತ್ತರಿಯಿಂದ ಕತ್ತರಿಸಿದ್ದು ಎಪಿಸಿಯಾಟಮಿ. ಎಷ್ಟೇ ದಣಿದ ಸಿಸ್ಟರೂ ಇವೆರಡನ್ನು ಕಲಸಿ ಬರೆಯುವುದಿಲ್ಲ.

ಸಿಎಲ್‌ಡಬ್ಲ್ಯು ಎಂದು ಈಗಾಗಲೇ ಬರೆದಿದ್ದು, ಕಾಗದ ಇನ್ನೂ ಪೊಲೀಸರ ಕೈ ಸೇರಿಲ್ಲವಾದರೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಪೂರ್ತಿ ಪದ ಬರೆದು, ತಾರೀಖು, ಗಂಟೆ ಹಾಕಿ ಸಹಿ ಮಾಡಿ. ವೈಟ್ನರ್ ಬೇಡ, ತಿದ್ದಿ ಅದರ ಮೇಲೇ ಬರೆಯುವುದೂ ಬೇಡ. ಆಸ್ಪತ್ರೆಯಲ್ಲಿ ಉಳಿಯುವ ಪ್ರತಿಯಲ್ಲೂ ಅದೇ ತಿದ್ದುಪಡಿ ಆಗಬೇಕು. ಪ್ರತಿ ಹೋಗಿಬಿಟ್ಟಿದ್ದರೆ ಕೈಯಲ್ಲಿರುವುದನ್ನು ಮುಟ್ಟಬೇಡಿ. ತನಿಖಾಧಿಕಾರಿ ಲಿಖಿತವಾಗಿ ಸ್ಪಷ್ಟನೆ ಕೇಳಿದಾಗ, ಫೋಟೊ ಮತ್ತು ಕೇಸ್ ಶೀಟ್ ಎದುರಿಗಿಟ್ಟುಕೊಂಡು ಬೇರೆ ಕಾಗದದಲ್ಲಿ ಉತ್ತರ ಕೊಡಿ.